ಮಲಗಿದ ಬೀಜಾಣು ಎದ್ದು ಬೆಳೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಡುಗೆಮನೆಯವರು, ಅಣಬೆ ಬೆಳೆಯುವವರು, ದನ ಸಾಕುವವರು, ಮೈಕ್ರೋಬಯಾಲಜಿ ಓದುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಉಳಿಸಿದ್ದೇವೆ. ಡಿಗ್ರಿ ಎಂದಲ್ಲೆಲ್ಲ ಸೆಲ್ಸಿಯಸ್ ಎಂದೇ ಓದಿಕೊಳ್ಳಿ.

## ಮೊದಲ ಪಾಠ

ಬೀಜಾಣು ಅಂದ್ರೆ ಬ್ಯಾಕ್ಟೀರಿಯಾ ಇಡೋ ಮೊಟ್ಟೆನಾ?

ಅಲ್ಲ. ಮೊಟ್ಟೆ, ಬೀಜ ಎರಡೂ ಸಂತಾನ ಹೆಚ್ಚಿಸುವುದಕ್ಕೆ ಇರುವಂಥವು. ಇಲ್ಲಿ ಸಂಖ್ಯೆ ಹೆಚ್ಚುವುದೇ ಇಲ್ಲ. ಆಹಾರ ಮುಗಿಯುತ್ತಾ ಬಂದಾಗ ಒಂದು ಕೋಶ ತನ್ನೊಳಗೇ ಒಂದು ಬೀಜಾಣು ಕಟ್ಟುತ್ತದೆ. ಕಟ್ಟಿ ಮುಗಿದ ಮೇಲೆ ಹೊರಗಿನ ತಾಯಿಕೋಶ ಒಡೆದು ಸಾಯುತ್ತದೆ. ಆ ಬೀಜಾಣು ಮುಂದೆ ಎದ್ದರೂ ಅದರಿಂದ ಬರುವುದು ಒಂದೇ ಕೋಶ. ಹಾಗಾಗಿ ಇದು ಸಂತಾನದ ದಾರಿಯಲ್ಲ, ಬರಗಾಲ ಕಳೆಯುವ ದಾರಿ.

ಎಲ್ಲ ಬ್ಯಾಕ್ಟೀರಿಯಾಗಳಿಗೂ ಈ ವಿದ್ಯೆ ಬರುವುದಿಲ್ಲ. ಬ್ಯಾಸಿಲಸ್, ಕ್ಲಾಸ್ಟ್ರಿಡಿಯಂ ಮತ್ತು ಅವುಗಳ ಬಳಗಕ್ಕೆ ಬರುತ್ತದೆ. ಈ. ಕೋಲಿ, ಸಾಲ್ಮೊನೆಲ್ಲಾಗಳಿಗೆ ಬರುವುದಿಲ್ಲ, ಅವು ಕುದಿ ನೀರಿಗೆ ಸಾಯುತ್ತವೆ. ಅಣಬೆಯ ಮತ್ತು ಬೂಷ್ಟಿನ ಬೀಜಾಣುಗಳ ಹೆಸರು ಇದೇ ಆದರೂ ಅವು ಬೇರೆಯೇ ಜಾತಿಯವು, ಇಷ್ಟು ಗಟ್ಟಿಯಲ್ಲ.

ಕುದಿಸಿದ್ರೂ ಸಾಯಲ್ಲ ಅಂತೀರಲ್ಲ, ಅಂಥದ್ದು ಒಳಗೆ ಏನಿದೆ?

ಮುಖ್ಯವಾದ ಮಾತೆಂದರೆ ಹೆಚ್ಚು ನೀರಿಲ್ಲ. ಬೆಳೆಯುತ್ತಿರುವ ಕೋಶದಲ್ಲಿ ನೂರಕ್ಕೆ ಸುಮಾರು 80 ಪಾಲು ನೀರು. ಬೀಜಾಣುವಿನ ತಿರುಳಿನಲ್ಲಿ ಜಾತಿಗೆ ತಕ್ಕಂತೆ 25ರಿಂದ 50 ಪಾಲು ಮಾತ್ರ. ನೀರು ಹೋದ ಜಾಗದಲ್ಲಿ ಡೈಪಿಕೋಲಿನಿಕ್ ಆಮ್ಲ ಎಂಬ ವಸ್ತು ಕ್ಯಾಲ್ಸಿಯಂ ಜೊತೆ ಸೇರಿ ತುಂಬಿಕೊಂಡಿರುತ್ತದೆ. ಬೀಜಾಣುವಿನ ಒಣತೂಕದಲ್ಲಿ 5ರಿಂದ 15 ಪಾಲು ಇದೇ. ಮುಂದೆ ಇದನ್ನು ಡಿಪಿಎ ಎನ್ನೋಣ. ಡಿಎನ್‌ಎಗೆ ಸಣ್ಣ ಪ್ರೋಟೀನುಗಳು ಒತ್ತಾಗಿ ಸುತ್ತಿಕೊಂಡು ಕಾಯುತ್ತವೆ.

ಒಳಗಿನಿಂದ ಹೊರಕ್ಕೆ ಹೀಗೆ ಬರುತ್ತದೆ: ತಿರುಳು, ಅದರ ಸುತ್ತ ಒಳಪೊರೆ, ಆಮೇಲೆ ಸಕ್ಕರೆ, ಅಮೈನೊ ಆಮ್ಲಗಳ ಬಲೆಯಾದ ಪೆಪ್ಟಿಡೋಗ್ಲೈಕಾನ್‌ನ ದಪ್ಪ ತೊಗಟೆ, ಅದರಾಚೆ ಪದರ ಪದರ ಪ್ರೋಟೀನಿನ ಹೊದಿಕೆ. ತಿರುಳು ನೀರು ಕುಡಿದು ಉಬ್ಬದಂತೆ ಬಿಗಿಹಿಡಿದಿರುವುದು ತೊಗಟೆ. ಮುಂದಿನ ಕತೆಯೆಲ್ಲ ಆ ಬಿಗಿ ಸಡಿಲವಾಗುವುದರ ಕತೆ.

ಏಳೋ ಹೊತ್ತಾಯ್ತು ಅಂತ ಅದಕ್ಕೆ ಹೇಗೆ ಗೊತ್ತಾಗತ್ತೆ? ಅದು ಸತ್ತ ಹಾಗೇ ಬಿದ್ದಿರತ್ತಲ್ಲ?

ಒಳಪೊರೆಯಲ್ಲಿ ರುಚಿ ನೋಡುವ ಪ್ರೋಟೀನುಗಳಿವೆ, ಇವೇ ಗ್ರಾಹಕಗಳು. ಅವಕ್ಕೆ ಶಕ್ತಿ ಖರ್ಚು ಮಾಡಬೇಕಿಲ್ಲ, ಸರಿಯಾದ ಅಣು ಬಂದು ಕೂತರೆ ಸಾಕು. ಹೆಚ್ಚು ಅಧ್ಯಯನವಾಗಿರುವ ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ಜರ್‌ಎ ಎಂಬ ಗ್ರಾಹಕ ಎಲ್-ಅಲನಿನ್ ಎಂಬ ಅಮೈನೊ ಆಮ್ಲಕ್ಕೆ ಎಚ್ಚೆತ್ತುಕೊಳ್ಳುತ್ತದೆ. ಜರ್‌ಬಿ, ಜರ್‌ಕೆ ಎಂಬ ಇನ್ನೆರಡು ಜೊತೆಯಾಗಿ ಕೆಲಸ ಮಾಡುತ್ತವೆ. ಅವಕ್ಕೆ ಆಸ್ಪರಜಿನ್, ಗ್ಲೂಕೋಸ್, ಫ್ರಕ್ಟೋಸ್, ಪೊಟ್ಯಾಸಿಯಂ ನಾಲ್ಕೂ ಒಟ್ಟಿಗೆ ಬೇಕು. ಅನ್ನದಲ್ಲಿ ಸಿಗುವ ಬ್ಯಾಸಿಲಸ್ ಸೀರಿಯಸ್‌ಗೆ ಅಲನಿನ್ ಜೊತೆ ಇನೋಸಿನ್ ಇದ್ದರೆ ಬಲು ಬೇಗ ಎಚ್ಚರವಾಗುತ್ತದೆ.

ಅಲನಿನ್ ಇಲ್ಲಿ ಊಟವಲ್ಲ, ಊಟದ ವಾಸನೆ. ಬೀಜಾಣು ಅದನ್ನು ತಿನ್ನದೆಯೇ ಏಳುತ್ತದೆ. ಇದನ್ನು ಹಿಡಿದುಕೊಂಡರೆ ಮುಂದಿನದು ಸುಲಭ.

ಎದ್ದು ಬೆಳೆಯೋಕೆ ಎಷ್ಟು ಹೊತ್ತು? ಹಂತ ಹಂತವಾಗಿ ಹೇಳಿ.

37 ಡಿಗ್ರಿಯಲ್ಲಿ, ಪೌಷ್ಟಿಕ ದ್ರವದಲ್ಲಿರುವ ಸಬ್ಟಿಲಿಸ್‌ನ ಲೆಕ್ಕ ಹೇಳುತ್ತೇವೆ.

ರುಚಿ ತಾಗಿದ ಮೇಲೆ ಹೊರಗೆ ಏನೂ ಕಾಣದ ಒಂದು ಕಾಯುವಿಕೆ ಇರುತ್ತದೆ. ಕೆಲವಕ್ಕೆ ನಿಮಿಷಗಳು, ಕೆಲವಕ್ಕೆ ಗಂಟೆಗಳು. ಈ ಹೊತ್ತಿನಲ್ಲಿ ತಿರುಳಿನಿಂದ ಹೈಡ್ರೋಜನ್, ಪೊಟ್ಯಾಸಿಯಂ, ಸೋಡಿಯಂ ಅಯಾನುಗಳು ಹೊರಗೆ ಹೋಗುತ್ತವೆ. ಒಳಗಿನ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಕಡಿಮೆ) ಸುಮಾರು 6.5ರಿಂದ 7.7ಕ್ಕೆ ಏರುತ್ತದೆ. ಆಮೇಲೆ ಎಸ್‌ಪಿಒವಿಎ ಎಂಬ ಪ್ರೋಟೀನುಗಳ ಕಾಲುವೆ ತೆರೆದುಕೊಂಡು ಡಿಪಿಎ ಪೂರ್ತಿ ಸುರಿದುಹೋಗುತ್ತದೆ. ಒಂದೊಂದೇ ಬೀಜಾಣುವನ್ನು ನೋಡುತ್ತಾ ಕೂತರೆ ಈ ಸುರಿತ ಕೆಲವೇ ನಿಮಿಷದ ಕೆಲಸ. ಡಿಪಿಎ ಖಾಲಿಯಾದ ಜಾಗಕ್ಕೆ ನೀರು ನುಗ್ಗುತ್ತದೆ.

ನಂತರ ಸಿಡಬ್ಲ್ಯುಎಲ್‌ಜೆ, ಎಸ್‌ಎಲ್‌ಇಬಿ ಎಂಬ ಎರಡು ಕಿಣ್ವಗಳು ತೊಗಟೆಯನ್ನು ಕತ್ತರಿಸುತ್ತವೆ. ಬೆಳೆಯುವ ಕೋಶದ ಗೋಡೆಯೂ ಪೆಪ್ಟಿಡೋಗ್ಲೈಕಾನ್‌ದೇ, ಆದರೂ ಅದನ್ನು ಇವು ಮುಟ್ಟುವುದಿಲ್ಲ. ತೊಗಟೆಯಲ್ಲಿ ಮಾತ್ರ ಇರುವ ಮ್ಯುರಾಮಿಕ್ ಲ್ಯಾಕ್ಟಮ್ ಎಂಬ ಗುರುತನ್ನು ನೋಡಿಯೇ ಕತ್ತರಿ ಹಾಕುತ್ತವೆ. ಬಿಗಿ ಬಿಟ್ಟ ಮೇಲೆ ತಿರುಳು ಉಬ್ಬಿ, ನೀರು 80 ಪಾಲಿಗೆ ಬಂದು, ಕಿಣ್ವಗಳು ಓಡಾಡಲು ಶುರುಮಾಡುತ್ತವೆ.

ಇಲ್ಲಿಗೆ ಮೊಳೆತದ್ದಾಯಿತು. ಬೆಳವಣಿಗೆ ಇನ್ನೂ ಶುರುವಾಗಿಲ್ಲ. ಮೊದಲ ಬುತ್ತಿ ಒಳಗೇ ಕಟ್ಟಿಟ್ಟದ್ದು: ಕೂಡಿಟ್ಟ 3-ಫಾಸ್ಫೋಗ್ಲಿಸರಿಕ್ ಆಮ್ಲದಿಂದ ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಬರುತ್ತದೆ, ಡಿಎನ್‌ಎಗೆ ಸುತ್ತಿದ್ದ ಪ್ರೋಟೀನು ಕರಗಿ ಅಮೈನೊ ಆಮ್ಲವಾಗುತ್ತದೆ. ಕಾವಲಿಗಿದ್ದದ್ದೇ ಬುತ್ತಿಯಾಗುವ ಈ ಏರ್ಪಾಟು ಎಷ್ಟು ಸಲ ಓದಿದರೂ ಅಚ್ಚರಿ ಹುಟ್ಟಿಸುತ್ತದೆ. ಡಿಎನ್‌ಎ ಗಾಯಗಳ ರಿಪೇರಿ, ಹೊಸ ಪ್ರೋಟೀನು, ಹೊದಿಕೆ ಹರಿದು ಹೊರಬರುವುದು, ಮೊದಲ ವಿಭಜನೆ ಎಲ್ಲ ಸೇರಿ ಹೆಚ್ಚುಕಡಿಮೆ ಎರಡು ಗಂಟೆ ಹಿಡಿಯುತ್ತದೆ.

ಅರ್ಧ ಎದ್ದು, ಊಟ ಇಲ್ಲ ಅಂತ ಮತ್ತೆ ಮಲಗಬಹುದಾ?

ಇಲ್ಲ. ಒಂದು ಗಡಿ ದಾಟಿದ ಮೇಲೆ ಅಲನಿನ್ ತೊಳೆದು ತೆಗೆದರೂ ಅದು ಮೊಳೆತೇ ಮೊಳೆಯುತ್ತದೆ. ಮತ್ತೆ ಬೀಜಾಣುವಾಗಬೇಕಾದರೆ ಕೋಶವಾಗಿ ಬೆಳೆದು ಮೊದಲಿನಿಂದ ಕಟ್ಟಬೇಕು. ಡಿಪಿಎ ಕಳೆದುಕೊಂಡ ಬೀಜಾಣುವಿಗೆ ಕಾವು ತಡೆಯುವ ಶಕ್ತಿಯೂ ಹೋಗಿರುತ್ತದೆ, ಸಾಧಾರಣ ಕಾವಿಗೇ ಸಾಯುತ್ತದೆ. ಈ ಪುಟದ ಅರ್ಧಕ್ಕರ್ಧ ಉತ್ತರಗಳಿಗೆ ಬೇರು ಇದೇ: ಮಲಗಿದ್ದನ್ನು ಕೊಲ್ಲುವುದು ಕಷ್ಟ, ಎದ್ದದ್ದನ್ನು ಕೊಲ್ಲುವುದು ಸುಲಭ.

## ಅಡುಗೆಮನೆ

ಅನ್ನ ಚೆನ್ನಾಗೇ ಬೆಂದಿತ್ತು. ಮತ್ತೆ ವಾಂತಿ ಯಾಕಾಯ್ತು?

ಬೇಯಿಸುವಾಗ ಅಕ್ಕಿಯಲ್ಲಿದ್ದ ಬೇರೆ ಬ್ಯಾಕ್ಟೀರಿಯಾಗಳೆಲ್ಲ ಸತ್ತವು. ಬ್ಯಾಸಿಲಸ್ ಸೀರಿಯಸ್‌ನ ಬೀಜಾಣು ಉಳಿಯಿತು. ಅಷ್ಟೇ ಅಲ್ಲ, ಆ ಕಾವೇ ಅದನ್ನು ತಟ್ಟಿ ಏಳುವುದಕ್ಕೆ ಸಿದ್ಧ ಮಾಡಿತು. ಪಾತ್ರೆಯಲ್ಲಿ ನೀರಿದೆ, ಪಿಷ್ಟವಿದೆ, ಪೈಪೋಟಿಗೆ ಯಾರೂ ಇಲ್ಲ. ಅನ್ನ ಆರುತ್ತಾ 50 ಡಿಗ್ರಿಯ ಕೆಳಗಿಳಿದರೆ ಬೆಳವಣಿಗೆ ಶುರು. 30ರಿಂದ 37ರಲ್ಲಿ ಅತಿ ಜೋರು. ತುಂಬಿದ ದೊಡ್ಡ ಪಾತ್ರೆಯ ನಡುಭಾಗ ಆ ಕಾವಿನಲ್ಲೇ ಗಂಟೆಗಟ್ಟಲೆ ನಿಲ್ಲುತ್ತದೆ.

ಮಾಡಬೇಕಾದ್ದು: ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಎರಡು ಇಂಚಿಗಿಂತ ತೆಳ್ಳಗೆ ಹರಡಿ. 60 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆಯೊಳಗೆ ಇಳಿಯಬೇಕು. ಮನೆಯಲ್ಲಿ ಥರ್ಮಾಮೀಟರ್ ಇಲ್ಲದಿದ್ದರೆ, ಕೈಗೆ ತಣ್ಣಗೆ ಅನ್ನಿಸಿದ ಕೂಡಲೇ ಫ್ರಿಜ್ಜಿಗೆ. ಬಿಸಿಯಾಗಿಯೇ ಇಡುವುದಾದರೆ 60ರ ಮೇಲೆ ಇಡಿ. ಕೆಟ್ಟದ್ದು ನಡುವಿನ ಜಾಗ.

ಮಾಂಸದ ಸಾರಿನ ದೊಡ್ಡ ಕೊಳಗಗಳಲ್ಲಿ ಇದೇ ಕೆಲಸವನ್ನು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಮಾಡುತ್ತದೆ. 43-45 ಡಿಗ್ರಿಯಲ್ಲಿ ಅದು ಹತ್ತು ನಿಮಿಷದ ಆಸುಪಾಸಿನಲ್ಲಿ ಇಮ್ಮಡಿಯಾಗುತ್ತದೆ. ಮದುವೆ ಮನೆಯಲ್ಲಿ ರಾತ್ರಿ ಉಳಿದ ಸಾರನ್ನು ಸಣ್ಣ ಪಾತ್ರೆಗಳಿಗೆ ಹಂಚಿ ಆರಿಸಬೇಕು, ಕೊಳಗದಲ್ಲೇ ಬಿಡಬಾರದು.

ಬೆಳಿಗ್ಗೆ ಒಗ್ಗರಣೆ ಹಾಕಿ ಚೆನ್ನಾಗಿ ಹುರಿದರೆ ಸರಿಹೋಗಲ್ವಾ? ಚಿತ್ರಾನ್ನ ಮಾಡೋದೇ ತಂಗಳನ್ನದಲ್ಲಿ.

ರಾತ್ರಿ ಬೇಗ ಆರಿಸಿ ಫ್ರಿಜ್ಜಿನಲ್ಲಿಟ್ಟ ಅನ್ನವಾದರೆ ಚಿತ್ರಾನ್ನ ಧಾರಾಳವಾಗಿ ಮಾಡಿ. ರಾತ್ರಿಯಿಡೀ ಕಟ್ಟೆಯ ಮೇಲಿದ್ದ ಅನ್ನವಾದರೆ ಹುರಿದು ಪ್ರಯೋಜನವಿಲ್ಲ. ಬೆಳೆದ ಕೋಶಗಳು ಸಾಯುತ್ತವೆ ನಿಜ, ಆದರೆ ಅವು ಬಿಟ್ಟ ಸೀರಿಯುಲೈಡ್ ಎಂಬ ವಾಂತಿಯ ವಿಷ 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಟ್ಟರೂ ಉಳಿಯುವಂಥದ್ದು. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿಯಾದರೆ ಇದರದ್ದೇ ಅನುಮಾನ. ನಿಂಬೆಹಣ್ಣು, ಹುಣಸೆ ಹುಳಿ ಮುಂದಿನ ಬೆಳವಣಿಗೆಯನ್ನು ತಡೆದಾವು, ಆಗಲೇ ಬಿದ್ದ ವಿಷವನ್ನು ತೆಗೆಯಲಾರವು. ಹಳಸಿದ ವಾಸನೆ ಬರಲೇಬೇಕೆಂದೂ ಇಲ್ಲ.

ಹಾಲು ಕಾಯಿಸಿ ಇಟ್ಟಿದ್ದೆ, ಹುಳಿಯಾಗದೇ ಒಡೆದುಹೋಯ್ತು. ಕಹಿ ಬೇರೆ.

ಹುಳಿ ಬರಿಸುವ ಬ್ಯಾಕ್ಟೀರಿಯಾಗಳು ಕಾಯಿಸುವಾಗಲೇ ಸತ್ತವು. ಉಳಿದ ಬೀಜಾಣುಗಳು ಎದ್ದು ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವ ಬಿಟ್ಟವು. ಅದಕ್ಕೇ ಆಮ್ಲವಿಲ್ಲದೆ ಒಡೆಯಿತು, ಪ್ರೋಟೀನಿನ ತುಂಡುಗಳಿಂದ ಕಹಿ ಬಂತು. ಪ್ಯಾಕೆಟ್ ಹಾಲಿಗೆ ಕೊಡುವ 72 ಡಿಗ್ರಿ, 15 ಸೆಕೆಂಡಿನ ಪಾಶ್ಚರೀಕರಣವೂ ಬೀಜಾಣುವನ್ನು ಕೊಲ್ಲುವುದಿಲ್ಲ. ತಿಂಗಳುಗಟ್ಟಲೆ ಹೊರಗಿಡಬಹುದಾದ ಹಾಲಿಗೆ 135 ಡಿಗ್ರಿ ಮತ್ತು ಅದಕ್ಕೂ ಹೆಚ್ಚು ಕಾವನ್ನು ಕೆಲವು ಸೆಕೆಂಡು ಕೊಟ್ಟಿರುತ್ತಾರೆ. ಕಾಯಿಸಿದ ಹಾಲು ಆರಿದ ಕೂಡಲೇ ಫ್ರಿಜ್ಜಿಗೆ ಹೋಗಬೇಕು.

ಹುಟ್ಟಿದ ಮಗುವಿಗೆ ಜೇನುತುಪ್ಪ ನೆಕ್ಕಿಸೋದು ನಮ್ಮ ಮನೆ ಪದ್ಧತಿ. ಒಂದು ತೊಟ್ಟು ಏನೂ ಆಗಲ್ಲ ಅಲ್ವಾ?

ದಯವಿಟ್ಟು ಬೇಡ. ಮಗುವಿಗೆ ಒಂದು ವರ್ಷ ತುಂಬುವವರೆಗೆ ಒಂದು ತೊಟ್ಟೂ ಬೇಡ. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಬೀಜಾಣು ಇರಬಹುದು. ಜೇನಿನಲ್ಲಿ ಅದಕ್ಕೆ ನೀರು ಸಾಲದು, ಸುಮ್ಮನೆ ಮಲಗಿರುತ್ತದೆ. ದೊಡ್ಡವರ ಕರುಳಿನಲ್ಲಿ ಆಗಲೇ ನೆಲೆಸಿರುವ ಬ್ಯಾಕ್ಟೀರಿಯಾಗಳು ಅದಕ್ಕೆ ಜಾಗ ಕೊಡುವುದಿಲ್ಲ. ಎಳೆಮಗುವಿನ ಕರುಳು ಖಾಲಿ ಹೊಲ. ಅಲ್ಲಿ ಬೀಜಾಣು ಮೊಳೆತು, ಬೆಳೆದು, ನರಗಳನ್ನು ಸಡಿಲಿಸುವ ವಿಷವನ್ನು ಒಳಗೇ ತಯಾರಿಸುತ್ತದೆ. ಮೊದಲು ಮಲಬದ್ಧತೆ, ಆಮೇಲೆ ಹಾಲು ಚೀಪಲು ಆಗದಿರುವುದು, ಅಳುವ ದನಿ ಕ್ಷೀಣವಾಗುವುದು, ಕತ್ತು ವಾಲುವುದು. ಇಂಥ ಲಕ್ಷಣ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ಜೇನನ್ನು ಕಾಯಿಸಿ ಕೊಟ್ಟರೂ ಬೀಜಾಣು ಸಾಯುವುದಿಲ್ಲ.

ಹಾಗಾದ್ರೆ ಉಪ್ಪಿನಕಾಯಿ ಯಾಕೆ ಕೆಡಲ್ಲ?

ಬೀಜಾಣು ಅಲ್ಲೂ ಇದೆ, ಆದರೆ ಹುಳಿ ಮತ್ತು ಉಪ್ಪು ಅದನ್ನು ಬೆಳೆಯಲು ಬಿಡುವುದಿಲ್ಲ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಬಾಟುಲಿನಂ ಬೆಳೆಯುವುದಿಲ್ಲ. ಹುಳಿಯಿಲ್ಲದ ಬೆಳ್ಳುಳ್ಳಿಯನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದು ಅಪಾಯ: ಗಾಳಿಯಿಲ್ಲ, ಹುಳಿಯಿಲ್ಲ, ನೀರಿನಂಶವಿದೆ.

## ಅಣಬೆ ಕೋಣೆ, ಕೊಟ್ಟಿಗೆ

ಜೋಳದ ಸ್ಪಾನ್ (ಅಣಬೆ ಬಿತ್ತನೆ) ಚೀಲ ಕುಕ್ಕರಿನಲ್ಲಿ ಒಂದು ಗಂಟೆ ಇಟ್ಟರೂ ಒಳಗೆ ಲೋಳೆ, ಹುಳಿ ವಾಸನೆ. ಎಲ್ಲಿ ತಪ್ಪಿದೆ?

ಚೀಲವನ್ನು ಬೆಳಕಿಗೆ ಹಿಡಿದು ನೋಡಿ. ಕಾಳುಗಳ ಸಂದಿನಲ್ಲಿ ಬೂದು ಬಣ್ಣದ ಜಿಗುಟು, ಕಾಳು ಪ್ಲಾಸ್ಟಿಕ್ಕಿಗೆ ತಾಗಿದಲ್ಲಿ ಒದ್ದೆ ಕಲೆ, ಅಣಬೆಯ ಬಿಳಿ ತಂತು ಆ ಕಲೆಯ ಅಂಚಿಗೆ ಬಂದು ನಿಂತಿರುವುದು ಕಂಡರೆ ಅದು ಬ್ಯಾಸಿಲಸ್. ಹಸಿರು, ಕಪ್ಪು ಕಂಡರೆ ಬೂಷ್ಟು, ಅದರ ಕಾರಣ ಬೇರೆ.

ಹೆಚ್ಚಿನವರು ನೆನೆಸುವ ಹಂತ ಬಿಟ್ಟಿರುತ್ತಾರೆ. ಒಣಜೋಳದ ಮೇಲಿನ ಬೀಜಾಣು ಗಾಢ ನಿದ್ದೆಯಲ್ಲಿರುತ್ತದೆ. 12ರಿಂದ 24 ಗಂಟೆ ನೀರಿನಲ್ಲಿ ನೆನೆಸಿದರೆ ಬಹುಪಾಲು ಮೊಳೆಯುತ್ತವೆ, ಮೊಳೆತವು ಮುಂದಿನ ಕಾವಿಗೆ ಸುಲಭವಾಗಿ ಸಾಯುತ್ತವೆ. ನೆನೆಸಿದ ನೀರು ಚೆಲ್ಲಿ, ತೊಳೆದು, ಕಾಳು ಒಡೆಯದ ಹಾಗೆ ಬೇಯಿಸಿ, ಬಟ್ಟೆಯ ಮೇಲೆ ಹರಡಿ ಮೇಲಿನ ಪಸೆ ಆರಿಸಿ. ಕಾಳನ್ನು ಕಾಗದದ ಮೇಲೆ ಒತ್ತಿದರೆ ಒದ್ದೆ ಗುರುತು ಬೀಳಬಾರದು.

ಎರಡನೆಯದು ಗಾಳಿ. ವೆಯ್ಟ್ ಹಾಕುವ ಮೊದಲು ಹತ್ತು ನಿಮಿಷ ಉಗಿ ರಭಸವಾಗಿ ಹೊರಬರಲಿ. ಒಳಗೆ ಗಾಳಿ ಉಳಿದರೆ ಒತ್ತಡ ಸರಿಯಾಗಿದ್ದರೂ ಕಾವು ಕಡಿಮೆ. ಮೂರನೆಯದು ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. 15 ಪಿಎಸ್‌ಐ ಒತ್ತಡಕ್ಕೆ ಮಂಗಳೂರಿನಲ್ಲಿ 121 ಡಿಗ್ರಿ ಬಂದರೆ ಇಲ್ಲಿ ಬರುವುದು 119ರ ಆಸುಪಾಸು. ಎರಡೇ ಡಿಗ್ರಿ ಅನ್ನಿಸುತ್ತದೆ, ಆದರೆ ಅಷ್ಟೇ ಸಾವಿಗೆ ಒಂದೂವರೆ ಪಟ್ಟು ಹೊತ್ತು ಬೇಕು. ಚೀಲದ ನಡುವಿಗೆ ಕಾವು ತಲುಪುವ ಹೊತ್ತನ್ನೂ ಸೇರಿಸಿ 15 ಪಿಎಸ್‌ಐಯಲ್ಲಿ ಒಂದೂವರೆಯಿಂದ ಎರಡು ಗಂಟೆ ಇಡಿ. ವಿಶಲ್ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಉಗಿ ಒಂದೇ ಸಮ ಬರತೊಡಗಿದಲ್ಲಿಂದ ಗಡಿಯಾರ ನೋಡಿ.

ಆಂಥ್ರಾಕ್ಸ್‌ನಿಂದ ಸತ್ತ ದನವನ್ನು ಕೊಯ್ಯಬಾರದು ಅಂತಾರೆ. ಸತ್ತ ಮೇಲೆ ಏನು ಭಯ?

ಆಂಥ್ರಾಕ್ಸ್ ಬರಿಸುವುದು ಬ್ಯಾಸಿಲಸ್ ಬಳಗದ್ದೇ ಒಂದು ಬ್ಯಾಕ್ಟೀರಿಯಾ. ಸತ್ತ ದನದ ಮೈಯಲ್ಲಿರುವುದು ಬೀಜಾಣುಗಳಲ್ಲ, ಬೆಳೆಯುತ್ತಿರುವ ಕೋಶಗಳು. ಹೆಣ ಮುಚ್ಚಿದಂತೆ ಇದ್ದರೆ ಕೊಳೆಯುವಾಗ ಕೆಲವೇ ದಿನದಲ್ಲಿ ಅವೂ ಸಾಯುತ್ತವೆ. ಚರ್ಮ ಸೀಳಿ ರಕ್ತಕ್ಕೆ ಗಾಳಿ ತಾಗಿಸಿದರೆ ಅವು ಬೀಜಾಣುಗಳಾಗಿ ಮಣ್ಣಿಗಿಳಿದು ದಶಕಗಟ್ಟಲೆ ಕೂರುತ್ತವೆ. ಮಣ್ಣಿನಲ್ಲಿ ಅವು ಮೊಳೆಯುವುದು ಕಡಿಮೆ, ಹುಲ್ಲಿನ ಜೊತೆ ಇನ್ನೊಂದು ದನದ ಮೈ ಸೇರಿದಾಗ ಏಳುತ್ತವೆ. ಸ್ಕಾಟ್ಲೆಂಡಿನ ಗ್ರುಯ್ನಾರ್ಡ್ ದ್ವೀಪದಲ್ಲಿ 1942ರಲ್ಲಿ ಯುದ್ಧದ ಪ್ರಯೋಗಕ್ಕೆ ಚೆಲ್ಲಿದ ಬೀಜಾಣುಗಳನ್ನು ಕೊಲ್ಲಲು 1986ರಲ್ಲಿ ನೆಲಕ್ಕೆ 280 ಟನ್ ಫಾರ್ಮಾಲ್ಡಿಹೈಡ್ ದ್ರಾವಣ ಸುರಿಯಬೇಕಾಯಿತು.

ದಿಢೀರನೆ ಸತ್ತು, ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಮುಟ್ಟಬೇಡಿ, ಪಶುವೈದ್ಯರನ್ನು ಕರೆಸಿ. ಇನ್ನೊಂದು ಮಾತು: ದನಕ್ಕೆ ಹಾಕುವ ಸ್ಟರ್ನ್ ಲಸಿಕೆಯೂ ದುರ್ಬಲ ತಳಿಯ ಜೀವಂತ ಬೀಜಾಣುವೇ. ಅದು ಮೈಯೊಳಗೆ ಮೊಳೆತರೆ ತಾನೇ ರಕ್ಷಣೆ ಹುಟ್ಟುವುದು? ಲಸಿಕೆಯ ಆಸುಪಾಸಿನ ದಿನಗಳಲ್ಲಿ ಆಂಟಿಬಯೋಟಿಕ್ ಕೊಟ್ಟರೆ ಲಸಿಕೆ ವ್ಯರ್ಥ.

## ಪ್ರಯೋಗಾಲಯ

ಮೊಳೆಸುವ ಮೊದಲು 70 ಡಿಗ್ರಿಯಲ್ಲಿ ಅರ್ಧ ಗಂಟೆ ಯಾಕೆ ಇಡಬೇಕು ಸರ್?

ಇದು ಶಾಖಪ್ರಚೋದನೆ. ಇದರಿಂದ ಗ್ರಾಹಕಗಳು ಚುರುಕಾಗುತ್ತವೆ, ಬೀಜಾಣುಗಳು ಹೆಚ್ಚು ಒಟ್ಟೊಟ್ಟಿಗೆ ಏಳುತ್ತವೆ. ಕಾವು ಕೊಟ್ಟ ಕೂಡಲೇ ಐಸಿನಲ್ಲಿ ತಣಿಸಿ, ಅದೇ ದಿನ ಬಳಸಿ. ತಣ್ಣಗೆ ಇಟ್ಟಷ್ಟೂ ದಿನ ಆ ಚುರುಕು ಇಳಿಯುತ್ತಾ ಹೋಗುತ್ತದೆ. ಎಲ್ಲಕ್ಕೂ 70 ಹೊಂದುವುದಿಲ್ಲ, ಬಿಸಿಯಲ್ಲೇ ಬೆಳೆಯುವ ಜಿಯೋಬ್ಯಾಸಿಲಸ್‌ಗೆ 100ರ ಆಸುಪಾಸು ಬೇಕು.

ಅಲನಿನ್ ಹಾಕಿ ಅರ್ಧ ಗಂಟೆ ಆದರೂ ಒಡಿ (ದ್ರವ ಬೆಳಕನ್ನು ಎಷ್ಟು ತಡೆಯುತ್ತದೆಂಬ ಅಳತೆ) ಇಳಿಯುತ್ತಿಲ್ಲ.

37 ಡಿಗ್ರಿ, ಪಿಎಚ್ 7.4ರಿಂದ 8ರ ಟ್ರಿಸ್ ಬಫರ್, 10 ಮಿಲಿಮೋಲಾರ್ ಎಲ್-ಅಲನಿನ್ ಇದ್ದರೆ ಒಳ್ಳೆಯ ಸಬ್ಟಿಲಿಸ್ ಬೀಜಾಣುವಿನ ಒಡಿ 600 (600 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆದ ಒಡಿ), ಪೂರ್ತಿ ಮೊಳೆತಾಗ, ಮೊದಲಿದ್ದದ್ದರ ಸುಮಾರು 40 ಪಾಲಿಗೆ ಇಳಿಯುತ್ತದೆ. ಇಳಿಯದಿದ್ದರೆ ಮೊದಲು ಬಾಟಲಿಯ ಲೇಬಲ್ ನೋಡಿ. ಎಲ್-ಅಲನಿನ್ನಿನ ಕನ್ನಡಿ ಬಿಂಬದಂಥ ಡಿ-ಅಲನಿನ್ ಈ ಮೊಳಕೆಯನ್ನು ತಡೆಯುತ್ತದೆ, ಡಿ-ಎಲ್ ಮಿಶ್ರಣ ಕೈಗೆ ಬಂದಿರುವುದು ಅಪರೂಪವೇನಲ್ಲ. ಬೀಜಾಣು ತೀರಾ ದಟ್ಟವಾಗಿದ್ದರೂ ಇದೇ ತೊಂದರೆ, ಯಾಕೆಂದರೆ ಬೀಜಾಣುವಿನ ರೇಸಿಮೇಸ್ ಕಿಣ್ವ ಎಲ್ ಅನ್ನು ಡಿ ಆಗಿ ತಿರುಗಿಸುತ್ತದೆ. ಒಡಿ 1ರ ಹತ್ತಿರ ಇಟ್ಟುಕೊಳ್ಳಿ.

ಆಮೇಲೆ ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಲ್ಲಿ ಒಂದು ಹನಿ ನೋಡಿ. ಮಲಗಿದ ಬೀಜಾಣು ಮಂಜಿನ ಹನಿಯ ಹಾಗೆ ಫಳಫಳ ಹೊಳೆಯುತ್ತದೆ. ಮೊಳೆಯುತ್ತಿದ್ದಂತೆ ಆ ಹೊಳಪು ಮಾಸಿ ಬೂದಾಗಿ, ಕೊನೆಗೆ ಕಪ್ಪು ಚುಕ್ಕೆಯಾಗುತ್ತದೆ. ಏನೂ ಹಾಕುವ ಮೊದಲೇ ಅರ್ಧದಷ್ಟು ಕಪ್ಪಾಗಿದ್ದರೆ ನಿಮ್ಮ ದಾಸ್ತಾನು ಆಗಲೇ ಮೊಳೆತಿದೆ, ಇಳಿಯಲು ಏನೂ ಉಳಿದಿಲ್ಲ. ಬೀಜಾಣುಗಳನ್ನು ತಣ್ಣೀರಿನಲ್ಲಿ ಹಲವು ಸಲ ತೊಳೆದು, 95 ಪಾಲಿಗಿಂತ ಹೆಚ್ಚು ಹೊಳೆಯುವಂತಾದ ಮೇಲೆ 4 ಡಿಗ್ರಿಯಲ್ಲಿಡಿ. ಒಡಿ ಇಳಿದು ಮತ್ತೆ ಏರಿದರೆ ಅದು ಬೆಳವಣಿಗೆ. ಹೊಸ ಪ್ರೋಟೀನು ತಯಾರಾಗದಂತೆ ತಡೆಯುವ ಕ್ಲೋರಾಂಫೆನಿಕಾಲ್ ಹಾಕಿದರೆ ಏರಿಕೆ ನಿಲ್ಲುತ್ತದೆ, ಇಳಿಕೆ ಹಾಗೇ ನಡೆಯುತ್ತದೆ. ಡಿಪಿಎಯನ್ನೇ ಅಳೆಯುವುದಾದರೆ ಟರ್ಬಿಯಂ ಲವಣ ಹಾಕಿ, ಅವೆರಡೂ ಕೂಡಿದಾಗ ಹಸಿರಾಗಿ ಹೊಳೆಯುತ್ತವೆ.

ಆಟೋಕ್ಲೇವ್ (ಉಗಿಯ ಒತ್ತಡದಲ್ಲಿ ಬೀಜಾಣು ಕೊಲ್ಲುವ ಯಂತ್ರ) ಇಲ್ಲ. ಮೂರು ದಿನ ದಿನಕ್ಕೊಮ್ಮೆ ಕುದಿಸಿದರೆ ಸಾಕಾ?

ಭೌತವಿಜ್ಞಾನಿ ಜಾನ್ ಟಿಂಡಲ್ 1877ರಲ್ಲಿ ತೋರಿಸಿದ ದಾರಿ ಇದು. ದಿನಕ್ಕೆ 100 ಡಿಗ್ರಿಯಲ್ಲಿ 30 ನಿಮಿಷ, ನಡುವಿನ ರಾತ್ರಿಗಳಲ್ಲಿ ಬೆಚ್ಚಗಿಡುವುದು. ಮೊದಲ ಕಾವು ಎಬ್ಬಿಸುತ್ತದೆ, ಎರಡನೆಯದು ಎದ್ದವನ್ನು ಕೊಲ್ಲುತ್ತದೆ, ಮೂರನೆಯದು ತಡವಾಗಿ ಎದ್ದವನ್ನು. ನಡುವೆ ಫ್ರಿಜ್ಜಿನಲ್ಲಿಟ್ಟರೆ ಯಾವುದೂ ಏಳುವುದಿಲ್ಲ, ಶ್ರಮವೆಲ್ಲ ದಂಡ. ಪೋಷಕಾಂಶವಿಲ್ಲದ ಬರೀ ನೀರು, ಉಪ್ಪುನೀರಿಗೂ ಇದು ನಡೆಯುವುದಿಲ್ಲ. ಆಸ್ಪತ್ರೆಯ ಸಾಮಾನಿಗಂತೂ ಬೇಡವೇ ಬೇಡ.

ಆಟೋಕ್ಲೇವ್ ಪರೀಕ್ಷೆಯ ಆಂಪೂಲ್ ಬಣ್ಣ ಬದಲಾಗಲಿಲ್ಲ ಅಂದರೆ ಪಾಸಾ?

ಜೊತೆಗಿಟ್ಟ, ಆಟೋಕ್ಲೇವಿಗೆ ಹಾಕದ ಆಂಪೂಲ್ ಬಣ್ಣ ಬದಲಿಸಿದ್ದರೆ ಮಾತ್ರ ಪಾಸು. ಒಳಗಿರುವುದು ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಬೀಜಾಣು, ಅದು ಬೆಳೆದರೆ ಬಣ್ಣ ಬದಲಾಗುತ್ತದೆ. ಅದು ಎದ್ದು ಬೆಳೆಯಲು 55ರಿಂದ 60 ಡಿಗ್ರಿ ಬೇಕು. 37ರ ಇನ್‌ಕ್ಯುಬೇಟರಿನಲ್ಲಿಟ್ಟರೆ ಸಾಯದ ಬೀಜಾಣುವೂ ಏಳದೆ, ಕೆಟ್ಟ ಆಟೋಕ್ಲೇವ್ ಒಳ್ಳೆಯದರಂತೆ ಕಾಣುತ್ತದೆ.

## ಇನ್ನೂ ಆಳಕ್ಕೆ

ಒಂದೇ ಬಾಟಲಿಯ ಬೀಜಾಣುಗಳಲ್ಲಿ ಕೆಲವು ಮಾತ್ರ ಗಂಟೆಗಟ್ಟಲೆ ಏಳಲ್ಲ. ಅವು ಸತ್ತಿವೆಯಾ?

ಬಹುಶಃ ಇಲ್ಲ. ಇವನ್ನು ಅತಿಸುಪ್ತ ಬೀಜಾಣು ಎನ್ನುತ್ತಾರೆ. ಇವುಗಳಲ್ಲಿ ಗ್ರಾಹಕಗಳ ಸಂಖ್ಯೆ ಕಡಿಮೆ, ಪ್ರಚೋದನೆಗೆ ಇನ್ನೂ ಹೆಚ್ಚಿನ ಕಾವೂ ಬೇಕು. ಗ್ರಾಹಕವನ್ನು ಬಳಸದ ದಾರಿಯಲ್ಲಿ, ಉದಾಹರಣೆಗೆ ಡೋಡೆಸೈಲಮೀನ್ ಎಂಬ ರಾಸಾಯನಿಕ ಹಾಕಿ ಎಬ್ಬಿಸಿದರೆ ಇವೂ ಉಳಿದವುಗಳಂತೆಯೇ ಏಳುತ್ತವೆ. 'ಮೊದಲು ಎಬ್ಬಿಸಿ, ಆಮೇಲೆ ಸಣ್ಣ ಕಾವಿನಲ್ಲಿ ಕೊಲ್ಲು' ಎಂಬ ಆಹಾರೋದ್ಯಮದ ಆಸೆಗೆ ದೊಡ್ಡ ಅಡ್ಡಿ ಈ ಹಿಡಿಯಷ್ಟು ಸೋಮಾರಿಗಳೇ.

ಶಕ್ತಿಯೇ ಖರ್ಚು ಮಾಡದ ಬೀಜಾಣು ಹಿಂದಿನ ಸುಳಿವನ್ನು ನೆನಪಿಟ್ಟುಕೊಳ್ಳತ್ತೆ ಅಂತ ಓದಿದೆ. ಹೇಗೆ ಸಾಧ್ಯ?

ಪೊಟ್ಯಾಸಿಯಂ ಲೆಕ್ಕದಿಂದ. ಕಟ್ಟುವಾಗಲೇ ತಿರುಳಿನಲ್ಲಿ ಪೊಟ್ಯಾಸಿಯಂ ತುಂಬಿರುತ್ತದೆ. ಅಲನಿನ್ ಒಂದು ಕ್ಷಣ ತಾಗಿ ಹೋದರೆ ಸ್ವಲ್ಪ ಪೊಟ್ಯಾಸಿಯಂ ಸೋರುತ್ತದೆ, ಬೀಜಾಣು ಏಳುವುದಿಲ್ಲ. ಇನ್ನೊಮ್ಮೆ ತಾಗಿದರೆ ಇನ್ನಷ್ಟು ಸೋರುತ್ತದೆ. ಒಂದು ಮಟ್ಟ ದಾಟಿದ ಮೇಲೆ ಎಚ್ಚರ. ತುಂಬಿದ ತೊಟ್ಟಿಯ ನೀರು ಬಿಡುವುದಕ್ಕೆ ಪಂಪು ಬೇಡ, ನಲ್ಲಿ ತಿರುಗಿಸಿದರೆ ಸಾಕು. ಇದನ್ನು 2022ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ತೋರಿಸಿತು. ಮರುವರ್ಷ, ಜರ್‌ಎ ಗ್ರಾಹಕವೇ ಅಲನಿನ್‌ಗೆ ತೆರೆದುಕೊಳ್ಳುವ ಅಯಾನು ಕಾಲುವೆ ಎಂಬ ಪುರಾವೆ ಬಂತು. ನಲ್ಲಿ ಯಾವುದೆಂದು ಗೊತ್ತಾಯಿತು.

ಆಸ್ಪತ್ರೆಯಲ್ಲಿ ಸಿ. ಡಿಫಿಸಿಲ್ ರೋಗಿಯ ಕೋಣೆಯಿಂದ ಬಂದವರು ಸ್ಯಾನಿಟೈಸರ್ ಬಿಟ್ಟು ಸೋಪು ಹಾಕಬೇಕು ಅಂತಾರೆ, ಯಾಕೆ?

ಸಿ. ಡಿಫಿಸಿಲ್ ಕರುಳಿಗೆ ತಗುಲಿ ಭೇದಿ ಬರಿಸುವ, ಬೀಜಾಣು ಕಟ್ಟುವ ಬ್ಯಾಕ್ಟೀರಿಯಾ. ಆಲ್ಕೋಹಾಲ್ ಬೀಜಾಣುವನ್ನು ಕೊಲ್ಲುವುದಿಲ್ಲ. ಸೋಪು, ಹರಿಯುವ ನೀರು ಅದನ್ನು ಕೈಯಿಂದ ತೊಳೆದು ಕಳಿಸುತ್ತವೆ. ನೆಲ, ಮಂಚಕ್ಕೆ ಸೋಡಿಯಂ ಹೈಪೋಕ್ಲೋರೈಟ್ ಬೇಕು.

ಈ ಬ್ಯಾಕ್ಟೀರಿಯಾ ಏಳುವ ರೀತಿಯೂ ಬೇರೆ. ಇದಕ್ಕೆ ಜರ್‌ಎ ಥರದ ಗ್ರಾಹಕವೇ ಇಲ್ಲ. ಪಿತ್ತರಸದ ಟಾರೋಕೊಲೇಟ್ ಎಂಬ ಲವಣ, ಜೊತೆಗೆ ಗ್ಲೈಸಿನ್ ಸಿಕ್ಕರೆ ಏಳುತ್ತದೆ. ಕ್ರಮವೂ ತಿರುಗುಮುರುಗು: ಮೊದಲು ತೊಗಟೆ ಕರಗುತ್ತದೆ, ಆಮೇಲೆ ಡಿಪಿಎ ಹೊರಬರುತ್ತದೆ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಟಾರೋಕೊಲೇಟನ್ನು ಬೇರೆ ಲವಣಗಳಾಗಿ ಮಾರ್ಪಡಿಸುತ್ತವೆ, ಆ ಪೈಕಿ ಕೆಲವು ಸಿ. ಡಿಫಿಸಿಲ್‌ನ ಬೆಳವಣಿಗೆಯನ್ನೇ ತಡೆಯುತ್ತವೆ. ಆಂಟಿಬಯೋಟಿಕ್ ಆ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದಾಗ ಎಚ್ಚರಿಸುವ ಲವಣ ಉಳಿಯುತ್ತದೆ, ತಡೆಯುವ ಲವಣ ಇಲ್ಲವಾಗುತ್ತದೆ. ಆಂಟಿಬಯೋಟಿಕ್ ಮುಗಿದ ಮೇಲೆ ಈ ಭೇದಿ ಶುರುವಾಗುವುದಕ್ಕೆ ಇದೊಂದು ಮುಖ್ಯ ಕಾರಣ.

ಕೋಟ್ಯಂತರ ವರ್ಷ ಹಳೆಯ ಬೀಜಾಣು ಎಬ್ಬಿಸಿದ್ದಾರಂತೆ, ನಿಜವಾ?

1995ರಲ್ಲಿ ಅಂಬರ್ ಎಂಬ ಕಲ್ಲಾದ ಮರದಂಟಿನೊಳಗಿನ ಜೇನ್ನೊಣದಿಂದ 2.5ರಿಂದ 4 ಕೋಟಿ ವರ್ಷ ಹಳೆಯದನ್ನು, 2000ದಲ್ಲಿ ಉಪ್ಪಿನ ಹರಳಿನಿಂದ 25 ಕೋಟಿ ವರ್ಷ ಹಳೆಯದನ್ನು ಬೆಳೆಸಿದೆವೆಂಬ ವರದಿಗಳು ಬಂದವು. ನಾವು ಅವನ್ನು ನೆಚ್ಚುವುದಿಲ್ಲ. ಮಲಗಿರುವಾಗ ಡಿಎನ್‌ಎ ರಿಪೇರಿ ನಡೆಯುವುದಿಲ್ಲ, ಗಾಯಗಳು ಕೂಡುತ್ತಲೇ ಹೋಗುತ್ತವೆ. ಜೊತೆಗೆ ಈಚಿನ ಬೀಜಾಣು ಒಂದೇ ಒಂದು ಒಳಸೇರಿದರೂ ಫಲಿತಾಂಶ ಕೆಡುತ್ತದೆ.

ನೇರವಾಗಿ ಅಳೆಯುವ ಕೆಲಸ 2014ರಲ್ಲಿ ಶುರುವಾಗಿದೆ. ಸಬ್ಟಿಲಿಸ್‌ನ ಒಣ ಬೀಜಾಣುಗಳನ್ನು ನೂರಾರು ಗಾಜಿನ ಸೀಸೆಗಳಲ್ಲಿ ಬೆಸೆದು ಇಟ್ಟಿದ್ದಾರೆ. ಗೊತ್ತುಮಾಡಿದ ವರ್ಷ ಬಂದಾಗ ಕೆಲವು ಸೀಸೆ ಒಡೆದು, ನೀರು ಹಾಕಿ, ಎಷ್ಟು ಏಳುತ್ತವೆಂದು ಎಣಿಸಬೇಕು. ಕೊನೆಯ ಸೀಸೆ ಒಡೆಯುವ ವರ್ಷ 2514.